ಸಿಸ್ಟರ್ ಸುನೀತಾಳ ಮುಖ

ಹನ್ನೊಂದು ಗಂಟೆಗೆ ಉಪೇಂದ್ರರ ಹೊಟ್ಟೆಗೆ ಸೂಜಿ ಚುಚ್ಚಬೇಕಾಗಿದ್ದ ನಳಿನಿ ಬೆಳಗಿನಿಂದ ಮತ್ತೆ ಮತ್ತೆ ಕೈ ತೊಳೆದುಕೊಳ್ಳುತ್ತಿದ್ದಳು. ಕೈ ತೊಳೆಯುವುದೊಂದು ಮಾತ್ರ ಅವಳಿಗೆ ನಿಜವಾಗಿಯೂ ಬರುತ್ತಿತ್ತು. ಬೆರಳ ಸಂದಿ, ಹೆಬ್ಬೆರಳ ಬುಡ, ಮುಂಗೈ, ಮೊಣಕೈವರೆಗೂ ನೊರೆ, ಆಮೇಲೆ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ನೀರು ಇಳಿಯಲು ಬಿಡುವುದು. ಲೀಡ್ಸ್ ಊರಿನ ಹೊರಗೆ ಮುಚ್ಚಿಹೋಗಿದ್ದ ಬಿಸ್ಕತ್ತಿನ ಕಾರ್ಖಾನೆಯೊಂದನ್ನು ಆಸ್ಪತ್ರೆಯೆಂದು ನಂಬಿಸಿ ಒಂಬತ್ತು ವರ್ಷ ಧಾರಾವಾಹಿ ನಡೆಸಿದ್ದರಲ್ಲ, ಅಲ್ಲಿದ್ದ ಅಷ್ಟೊಂದು ನಲ್ಲಿಗಳಲ್ಲಿ ಒಂದರಲ್ಲಿ ಮಾತ್ರ ನೀರು ಬರುತ್ತಿತ್ತು. ಆ ನಲ್ಲಿ ಅವಳು ಮಾಡುತ್ತಿದ್ದ ಸಿಸ್ಟರ್ ಸುನೀತಾಳ ಪಾತ್ರದ ಪಾಲಿಗೆ ಬಂದಿತ್ತು. ಮಾತೆಲ್ಲ ಬೇರೆಯವರದು, ನೀರು ಇವಳದು. ಮುಂದುಗಡೆ ಡಾಕ್ಟರುಗಳು ಪ್ರೀತಿಸುತ್ತಲೋ ಕಿತ್ತಾಡುತ್ತಲೋ ಇರುವಾಗ ಇವಳು ಹಿಂದೆ ನಿಂತು ಕೈ ತೊಳೆಯುತ್ತಿದ್ದಳು, ಮತ್ತು ಎಷ್ಟು ಚೆನ್ನಾಗಿ ತೊಳೆಯುತ್ತಿದ್ದಳೆಂದರೆ ಒಮ್ಮೆ ಯಾವುದೋ ಊರಿನ ನಿಜವಾದ ನರ್ಸುಗಳು ಅವಳ ಹೆಸರಿಗೆ ಒಂದು ಮೆಚ್ಚುಗೆಯ ಕಾರ್ಡು ಕಳಿಸಿದ್ದರು. ಈಗ ಹೌಗಾಂಗ್ ಬಡಾವಣೆಯ ಹನ್ನೆರಡನೇ ಮಹಡಿಯ ಈ ಅಡುಗೆಮನೆಯಲ್ಲಿ ಅದೇ ಕೈಗಳು ಒದ್ದೆಯಾಗಿ ಗಾಳಿಯಲ್ಲಿ ನಿಂತಿದ್ದವು. ಕಿಟಕಿಯ ಗ್ರಿಲ್ಲಿನಾಚೆ ಎದುರು ಬ್ಲಾಕಿನವರು ಬಿದಿರು ಕೋಲಿಗೆ ಬಟ್ಟೆ ಪೋಣಿಸಿ ಚಾಚಿದ್ದರು. ಬಿಸಿಲಾಗಲೇ ಏರಿತ್ತು, ನಲ್ಲಿಯ ನೀರು ಬೆಚ್ಚಗಿತ್ತು.

ಉಪೇಂದ್ರ, ಶೋಭಾ ಎರಡು ಮಹಡಿ ಕೆಳಗಿನವರು. ಮಗ ಹರ್ಷವರ್ಧನ್ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಯಾವುದೋ ಬ್ಯಾಂಕಿನ ಐಟಿಯವನು, ಸೊಸೆಯೂ ಅಂಥದೇ ಕೆಲಸದವಳು, ಇಬ್ಬರೂ ಬೆಳಿಗ್ಗೆ ಹೋದರೆ ಹೊತ್ತು ಮುಳುಗಿದ ಮೇಲೇ ಬರುವುದು. ಇಡೀ ಬ್ಲಾಕಿನಲ್ಲಿ ಕನ್ನಡದವರು ಇವೆರಡೇ ಮನೆ. ಎರಡು ವರ್ಷದ ಹಿಂದೆ ನಳಿನಿಯ ಅತ್ತೆ ಬೆಂಗಳೂರಿನಿಂದ ಬಂದು ಒಂದು ತಿಂಗಳು ಇದ್ದಾಗ, ಸಂಜೆ ಹೊತ್ತು ಕಟ್ಟಡದ ಬುಡದ ತೆರೆದ ಅಂಗಳ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಶೋಭಾಳ ಜೊತೆ ಕೂತು ಹರಟುತ್ತಿದ್ದರು. ಸೊಸೆ ಏನು ಮಾಡುತ್ತಿದ್ದಳು ಎಂದು ಶೋಭಾ ಕೇಳಿದ್ದಕ್ಕೆ, ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು ಎಂದಿದ್ದರು. ಬೆಂಗಳೂರಿನಲ್ಲೂ ಅವರು ನೆಂಟರಿಷ್ಟರಿಗೆಲ್ಲ ಹಾಗೇ ಹೇಳಿಕೊಂಡು ಬಂದಿದ್ದರು. ಮಗ ನಲವತ್ತರ ಹತ್ತಿರ ಮದುವೆಯಾದದ್ದೇ ಒಂದು ಮಾತು, ಅದರ ಮೇಲೆ ನಟಿಯನ್ನು ಮದುವೆಯಾದ ಎಂದು ಯಾವ ಬಾಯಲ್ಲಿ ಹೇಳುವುದು? ನೀಲಿ ಸಮವಸ್ತ್ರದಲ್ಲಿ, ಎದೆಗೆ ಗಡಿಯಾರ ಸಿಕ್ಕಿಸಿಕೊಂಡು ನಿಂತ ನಳಿನಿಯ ಫೋಟೋ ಒಂದು ಅವರ ಕೈಗೆ ಸಿಕ್ಕಿತ್ತು. ಅದನ್ನು ಚೌಕಟ್ಟು ಹಾಕಿಸಿ ದೇವರಮನೆಯ ಪಕ್ಕದ ಗೋಡೆಗೆ ತೂಗುಹಾಕಿದ್ದರು. ಅಲ್ಲಿಗೆ ಎಲ್ಲರ ಬಾಯಿಗೂ ಬೀಗ ಬಿತ್ತು. ಆ ಸಂಜೆ ತರಕಾರಿ ಚೀಲ ಹಿಡಿದು ಲಿಫ್ಟಿಗೆ ಕಾಯುತ್ತಿದ್ದ ನಳಿನಿಗೆ ಬೆಂಚಿನ ಮಾತು ಸ್ಪಷ್ಟವಾಗಿ ಕೇಳಿಸಿತ್ತು. ತಿರುಗಿ ನಿಂತು ಅಲ್ಲ ಎನ್ನಬಹುದಿತ್ತು. ಆದರೆ ಶೋಭಾ ತಲೆಯೆತ್ತಿ ಅವಳನ್ನು ನೋಡಿದ ರೀತಿ, ಆ ಕಣ್ಣಿನಲ್ಲಿ ಒಮ್ಮೆಗೇ ಬಂದ ಮರ್ಯಾದೆ! ಈ ದೇಶಕ್ಕೆ ಬಂದ ಮೇಲೆ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ. ಗಂಡನ ಕೆಲಸದ ಪಾಸಿಗೆ ಅಂಟಿಕೊಂಡು ಬಂದ ಹೆಂಗಸು, ಕೆಲಸ ಮಾಡುವ ಹಾಗಿಲ್ಲದವಳು, ಎಂಆರ್‌ಟಿ ರೈಲಿನಲ್ಲಿ ಮಧ್ಯಾಹ್ನದ ಹೊತ್ತು ಸುಮ್ಮನೆ ಕೂತು ಆ ತುದಿಯಿಂದ ಈ ತುದಿಗೆ ಹೋಗಿ ಬರುವವಳು. ಅವಳು ನಕ್ಕು, ತಲೆಯಾಡಿಸಿ, ಲಿಫ್ಟಿನೊಳಗೆ ಹೋಗಿದ್ದಳು. ಅವಳು ಹೇಳಿದ ಸುಳ್ಳು ಅಷ್ಟೇ.

ಬೆಳಿಗ್ಗೆ ಗಂಡ ವಾಸು ಆಫೀಸಿಗೆ ಹೊರಡುವಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಇವತ್ತು ಹೇಳಿಬಿಡ್ತೀನಿ, ವಾಸು."

"ಏನಂತ?"

"ನಾನು ನರ್ಸ್ ಅಲ್ಲ ಅಂತ."

ವಾಸು ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದವನು ನಿಲ್ಲಿಸಿದ. "ಈಗ ಹೇಳಿದ್ರೆ ಅದೊಂದೇ ಹೇಳಿದ ಹಾಗಾಗಲ್ಲ ನಳಿನಿ. ಆವತ್ತಿನದೂ ಸೇರ್ಕೊಳತ್ತೆ. ಹರ್ಷ ಕಂಪ್ಲೇಂಟ್ ಮಾಡಿದ್ರೆ? ಇಲ್ಲೇ ನೆಲೆಸೋಕೆ ಹಾಕಿದ ಪಿಆರ್ ಅರ್ಜಿ ಇನ್ನೂ ಪೆಂಡಿಂಗ್ ಇದೆ. ಅಮ್ಮನ ಮುಖ ಎಲ್ಲಿಡೋದು?"

"ಮತ್ತೆ ಹೋಗಿ ಚುಚ್ಚಲೇನು?"

"ಕೈ ನಡುಗತ್ತೆ, ಆರ್ಥ್ರೈಟಿಸ್ ಅಂತ ಹೇಳಿ ಅವಾಯ್ಡ್ ಮಾಡು. ಇಲ್ಲಾಂದ್ರೆ, ಅದೇನು ಮಹಾ? ಇನ್ಸುಲಿನ್ ಥರ ತಾನೇ? ಒಂದು ವಿಡಿಯೋ ನೋಡ್ಕೊ. ಒಂಬತ್ತು ವರ್ಷ ಮಾಡಿಲ್ವಾ ನೀನು?"

ಅವನು ಗೇಲಿ ಮಾಡುತ್ತಿರಲಿಲ್ಲ. ಗೇಲಿ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಒನ್-ನಾರ್ತ್‌ನ ಆಫೀಸಿನಲ್ಲಿ ಒಂಬತ್ತೂವರೆಗೆ ಮೀಟಿಂಗು ಎಂದು ಅವನು ಹೋದ, ಹೋಗುವಾಗ ಅವಳ ಭುಜ ತಟ್ಟಿದ. ವಾಸು ಕೆಟ್ಟವನಲ್ಲ. ಮದುವೆಯಾದ ಹೊಸದರಲ್ಲಿ ಲಂಡನ್ನಿನ ಆ ಸಣ್ಣ ಫ್ಲ್ಯಾಟಿನಲ್ಲಿ ಅವಳ ಹಳೆಯ ಸಿನಿಮಾವನ್ನು ಎರಡು ಸಲ ನೋಡಿ, ಎರಡು ಸಲವೂ ಒಂದೇ ಜಾಗದಲ್ಲಿ ನಿದ್ದೆ ಹೋಗಿದ್ದ, ಎದ್ದು ಕೂತು ತುಂಬಾ ಚೆನ್ನಾಗಿದೆ ಎಂದಿದ್ದ. ಅವನ ಮಟ್ಟಿಗೆ ನಟನೆಯೂ ಒಂದು ಬಗೆಯ ಅನುಭವ, ರೆಸ್ಯೂಮೆಯಲ್ಲಿ ಬರೆದುಕೊಳ್ಳಬಹುದಾದದ್ದು. ಅವಳು ಬಾಗಿಲು ಹಾಕಿಕೊಂಡು ನಿಜಕ್ಕೂ ಫೋನಿನಲ್ಲಿ ವಿಡಿಯೋ ಹುಡುಕಿದಳು. ಬಿಳಿ ಗವಸಿನ ಎರಡು ಕೈಗಳು ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದವು. ನೋಡಲಾಗದೆ ಫೋನು ಬೋರಲು ಹಾಕಿದಳು. ನಾಚಿಕೆ ಅವಳ ಕತ್ತಿನವರೆಗೂ ಏರಿತ್ತು.

ಆ ಸಿನಿಮಾದಲ್ಲಿ ಅವಳಿಗೆ ಇಪ್ಪತ್ತಮೂರು. ಕಡಲ ಬದಿಯ ಊರೊಂದರಲ್ಲಿ ಲಾಂಡ್ರಿಯಲ್ಲಿ ಕೆಲಸ ಮಾಡುವ ಹುಡುಗಿಯ ಪಾತ್ರ, ಬೇರೆಯವರ ಹಾಸುಹೊದಿಕೆಗಳನ್ನು ಮಡಿಸುತ್ತ ಅವರ ಬದುಕನ್ನು ಊಹಿಸಿಕೊಳ್ಳುವವಳು. ಇಡೀ ಚಿತ್ರ ಅವಳ ಮೇಲೆ ನಿಂತಿತ್ತು. ಈ ಮುಖವನ್ನು ನೆನಪಿಟ್ಟುಕೊಳ್ಳಿ ಎಂದು ಪತ್ರಿಕೆಯೊಂದು ಬರೆದಾಗ, ಬೋಲ್ಟನ್ನಿನ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅಪ್ಪ ಆ ಸಾಲನ್ನು ಮೈಸೂರಿನ ಅಣ್ಣತಮ್ಮಂದಿರಿಗೆಲ್ಲ ಫೋನು ಮಾಡಿ ಓದಿ ಹೇಳಿದ್ದ, ಫೋನಿನಲ್ಲಿ ದನಿ ಕೇಳುವುದಿಲ್ಲವೆಂದು ಕೂಗಿ ಕೂಗಿ. ಮುಖವನ್ನು ಎಲ್ಲರೂ ನೆನಪಿಟ್ಟುಕೊಂಡರು. ಅದರ ಬಣ್ಣವನ್ನು ಇನ್ನೂ ಚೆನ್ನಾಗಿ ನೆನಪಿಟ್ಟುಕೊಂಡರು. ಆಮೇಲೆ ಮೂರು ಧಾರಾವಾಹಿಗಳಲ್ಲಿ ಅವಳು ಮದುವೆ ಮಂಟಪದಿಂದ ಓಡಿಹೋದಳು. ನಾಲ್ಕನೆಯದಕ್ಕೆ ಕರೆದಾಗ ಓಡಿಹೋದ ಹುಡುಗಿಯ ತಾಯಿಯಾಗಿದ್ದಳು, ಆಗಿನ್ನೂ ಮೂವತ್ತೈದು ದಾಟಿರಲಿಲ್ಲ. ಅಂಗಡಿಯವನ ಹೆಂಡತಿ, ಪೊಲೀಸರ ಮುಂದೆ ಏನೂ ಗೊತ್ತಿಲ್ಲ ಎನ್ನುವ ಸಾಕ್ಷಿ, ತಪ್ಪು ದಾರಿ ಹಿಡಿದ ಮಗನ ಅಮ್ಮ. ಇನ್ನೂ ಸ್ವಲ್ಪ ಇಂಡಿಯನ್ ಆಗಿ ಹೇಳಿ ಎನ್ನುತ್ತಿದ್ದರು ನಿರ್ದೇಶಕರು. ಅವಳು ಅಪ್ಪನ ಇಂಗ್ಲಿಷನ್ನು ಎರವಲು ತಂದು ಹೇಳುತ್ತಿದ್ದಳು. ಅಪ್ಪ ಟೀವಿಯ ಮುಂದೆ ಕೂತು ನಗುತ್ತಿದ್ದ, ಆಮೇಲೆ ಒಂದು ದಿನ ಯಾಕೋ ನಗಲಿಲ್ಲ, ಚಾನೆಲ್ ಬದಲಾಯಿಸಿದ. ಅದರ ಬಗ್ಗೆ ಅವರಿಬ್ಬರೂ ಮಾತಾಡಲೇ ಇಲ್ಲ, ಮಾತಾಡುವ ಮೊದಲೇ ಅಪ್ಪ ಹೋಗಿಬಿಟ್ಟ.

ಸುನೀತಾ ಸಿಕ್ಕಾಗ ಅವಳಿಗೆ ಅದೃಷ್ಟ ಕುದುರಿತು ಎಂದೇ ಅನಿಸಿತ್ತು. ಪ್ರತಿ ವಾರ ಕೆಲಸ, ಪ್ರತಿ ವಾರ ಮುಖ. ಸುನೀತಾ ಬಂಗಾಳದವಳೋ ಗುಜರಾತಿನವಳೋ ಬರೆಯುವವರಿಗೇ ಗೊತ್ತಿರಲಿಲ್ಲ. ಒಂದು ವಾರ ಅವಳ ತಾಯಿ ಸತ್ತಿದ್ದಳು, ಮುಂದಿನ ವರ್ಷ ಅದೇ ತಾಯಿ ಫೋನು ಮಾಡಿದಳು. ಬ್ರೆಂಡಾ ಎಂಬ ನಿವೃತ್ತ ನರ್ಸು ಎಲ್ಲ ನಟರಿಗೂ ಕೆಲಸ ಕಲಿಸುತ್ತಿದ್ದಳು. ನಾಡಿ ಹಿಡಿಯುವುದು ಹೇಗೆಂದು ನಳಿನಿ ಕೇಳಿದಾಗ ಅವಳು ನಕ್ಕಿದ್ದಳು: ಬೆರಳು ಎಲ್ಲಾದರೂ ಇಡು ಮಗು, ನಾಡಿ ಸಿಕ್ಕಿದೆ ಅನ್ನುವುದು ಮುಖದಲ್ಲಿ ಕಂಡರೆ ಸಾಕು. ಹಾಗೆ ಆ ಮುಖ ತಯಾರಾಯಿತು. ರೋಗಿಯ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಗಡಿಯಾರಕ್ಕೆ ಇಳಿಸಿ, ಕ್ಯಾಮೆರಾ ಹತ್ತಿರ ಬರುವ ತನಕ ಮನಸ್ಸಿನಲ್ಲೇ ಎಣಿಸಿ, ನಿಧಾನಕ್ಕೆ ತಲೆಯೆತ್ತಿ, ತುಟಿಯ ಒಂದು ಬದಿ ಮಾತ್ರ ಸಡಿಲಿಸುವುದು. ಏನೂ ಇಲ್ಲ, ಗಾಬರಿಯಾಗಬೇಡಿ. ಎಣಿಸಿದ್ದು ನಾಡಿಯನ್ನಲ್ಲ, ಕ್ಯಾಮೆರಾದ ಗಾಲಿಗಳನ್ನು. ಒಂಬತ್ತು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಒಪ್ಪಂದ ಮುಂದುವರಿಯಲಿಲ್ಲ. ಸಾಯಿಸುತ್ತಾರೆಂದುಕೊಂಡಿದ್ದಳು, ಸಾವಿನ ದೃಶ್ಯಕ್ಕೆ ಮನಸ್ಸಿನಲ್ಲೇ ತಯಾರಾಗಿಯೂ ಇದ್ದಳು. ಅದೂ ಸಿಗಲಿಲ್ಲ. ಮುಂದಿನ ಕಂತಿನಲ್ಲಿ ಯಾರೋ ಒಬ್ಬ ಹೊಸ ಹುಡುಗ ಕಾಫಿ ಕುಡಿಯುತ್ತ, ಸುನೀತಾ ತಂಗಿಯ ಮನೆಗೆ ಹೋದಳಂತೆ ಎಂದ. ಇನ್ನೊಬ್ಬಳು ಹೌದಾ ಎಂದಳು. ಅವಳು ಅದನ್ನು ಮನೆಯ ಸೋಫಾದ ಮೇಲೆ ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ನೋಡಿದ್ದಳು.

ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಅವಳು ಮನೆ ಬಿಟ್ಟಳು. ಮೆಟ್ಟಿಲಿಳಿದರೆ ಎರಡೇ ಮಹಡಿ, ಆದರೂ ಲಿಫ್ಟಿಗೆ ನಿಂತಳು. ಒಳಗೆ ಮೇಲಿನ ಮಹಡಿಯ ಚೀನೀ ಅಜ್ಜಿ ತಳ್ಳುಬುಟ್ಟಿ ಹಿಡಿದು ನಿಂತಿತ್ತು. ಇವಳನ್ನು ಕಂಡದ್ದೇ ಮುಖ ಅರಳಿಸಿ, "ನರ್ಸ್ ಆಂಟಿ ಆಹ್! ಮೈ ನೀ ಸ್ಟಿಲ್ ಪೇನ್ ಲಾ. ಯೂ ಸೀ," ಎಂದು ಪೈಜಾಮ ಎತ್ತಿ ಮಂಡಿ ತೋರಿಸಿತು. ಸುದ್ದಿ ಆಗಲೇ ಬ್ಲಾಕಿಗೆಲ್ಲ ಹಬ್ಬಿತ್ತು, ಉಪೇಂದ್ರರ ಜೀವ ಉಳಿಸಿದವಳು ಇವಳೇ ಎಂದು. ನಳಿನಿ ಬಗ್ಗಿ ಆ ಮಂಡಿಯನ್ನು ನೋಡಿದಳು. ನೋಡುವಾಗ ತುಟಿಯ ಒಂದು ಬದಿ ತಾನಾಗಿ ಸಡಿಲಾಯಿತು. ಅಜ್ಜಿಗೆ ಅಷ್ಟರಿಂದಲೇ ಸಮಾಧಾನವಾದಂತಿತ್ತು. ಲಿಫ್ಟಿನ ಕನ್ನಡಿಯಲ್ಲಿ ಆ ಮುಖವನ್ನು ಕಂಡು ನಳಿನಿ ಕನ್ನಡಿಗೆ ಬೆನ್ನು ಮಾಡಿ ನಿಂತಳು. ಹತ್ತನೇ ಮಹಡಿ ಬಂತು, ಬಾಗಿಲು ತೆರೆಯಿತು, ಅವಳು ಇಳಿಯಲಿಲ್ಲ. ಕೆಳಗೆ ವಾಯ್ಡ್ ಡೆಕ್ಕಿನ ತನಕ ಹೋದಳು. ಅಜ್ಜಿ ಬುಟ್ಟಿ ಉರುಳಿಸಿಕೊಂಡು ಹೋಯಿತು. ಮುಂದೆ ಬಸ್ ಸ್ಟಾಪ್, ಅದರಾಚೆ ಎಂಆರ್‌ಟಿ, ಅದು ವಿಮಾನ ನಿಲ್ದಾಣಕ್ಕೂ ಹೋಗುತ್ತದೆ. ಅವಳದು ಬ್ರಿಟಿಷ್ ಪಾಸ್‌ಪೋರ್ಟು, ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇದೆ. ಹೋಗಿ ಯಾರ ಮನೆಯ ಬಾಗಿಲು ತಟ್ಟುವುದು? ಲಂಡನ್ನಿನಲ್ಲಿ ನಟನೆಯ ಕೆಲಸ ಹುಡುಕಿಕೊಡುತ್ತಿದ್ದ ಏಜೆಂಟಳ ಆಫೀಸಿನಲ್ಲಿ ಈಗ ಫೋನೆತ್ತುವ ಹುಡುಗಿ ಹೆಸರಿನ ಸ್ಪೆಲಿಂಗ್ ಕೇಳುತ್ತಾಳೆ. ಲಿಫ್ಟಿನ ಬಾಗಿಲು ಮುಚ್ಚಲು ಹೊರಟು, ಅವಳು ಅಡ್ಡ ನಿಂತದ್ದರಿಂದ ಮುಚ್ಚಲಾಗದೆ ಮತ್ತೆ ತೆರೆದುಕೊಂಡು ಕಿರುಚತೊಡಗಿತು. ಅವಳು ಒಳಗೆ ಸರಿದು ಹತ್ತನ್ನು ಒತ್ತಿದಳು.

ಆವತ್ತೂ ಹೀಗೇ ಲಿಫ್ಟಿನಲ್ಲಿ ಇಳಿದಿದ್ದಳು, ಓಡಿಕೊಂಡು. ಸಂಜೆಯ ವಾಕಿಂಗ್ ಮುಗಿಸಿ ಬಂದ ಉಪೇಂದ್ರ ಎದೆ ಹಿಡಿದ ಹಾಗಿದೆ ಎಂದು ಸೋಫಾದ ಮೇಲೆ ಕೂತವರು ಏಳಲಿಲ್ಲವೆಂದು ಶೋಭಾ ಫೋನು ಮಾಡಿದ್ದಳು. ಹೋದಾಗ ಅವರ ಬನಿಯನ್ನು ಬೆವರಿನಿಂದ ತೊಯ್ದುಹೋಗಿತ್ತು, ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದರು. ಶೋಭಾಳ ಕೈಯಲ್ಲಿ ಫೋನಿತ್ತು, ಆಂಬುಲೆನ್ಸಿಗೆ ಕರೆಯಲಾ, ನೀನೇ ಹೇಳು ಎಂದು ನಿಂತಿದ್ದಳು. ಮಗ ಸೊಸೆ ಇನ್ನೂ ಬಂದಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ನಳಿನಿ ಮಂಡಿಯೂರಿ ಕೂತು ಆ ಮಣಿಕಟ್ಟು ಹಿಡಿದಳು. ಬೆರಳಿಗೆ ಏನೂ ಸಿಗಲಿಲ್ಲ. ಒದ್ದೆ ಚರ್ಮ, ಅದರ ಕೆಳಗೆ ಮೂಳೆ. ಅವಳ ಕಣ್ಣು ತನ್ನಷ್ಟಕ್ಕೆ ಕೆಳಗಿಳಿಯಿತು, ಒಳಗೆ ಎಣಿಕೆ ತನ್ನಷ್ಟಕ್ಕೆ ಶುರುವಾಯಿತು, ತಲೆ ನಿಧಾನಕ್ಕೆ ಎದ್ದಿತು. ಏನೂ ಇಲ್ಲ, ಗ್ಯಾಸ್ ಇರಬೇಕು, ಮಲಗಲಿ, ಬೆಳಿಗ್ಗೆ ನೋಡೋಣ. ಅದನ್ನು ಹೇಳಿದಾಗ ಇಬ್ಬರ ಮೈಯೂ ಒಟ್ಟಿಗೇ ಸಡಿಲಗೊಂಡದ್ದನ್ನು ಅವಳು ಕಂಡಳು. ಎಷ್ಟೋ ವರ್ಷಗಳ ಮೇಲೆ ಎದುರಿಗೆ ಕೂತವರ ಉಸಿರು ತನ್ನ ಕೈಯಲ್ಲಿದೆ ಅನಿಸಿ ಅವಳಿಗೆ ಸಂತೋಷವಾಯಿತು. ಹೌದು, ಸಂತೋಷ. ಆಮೇಲಿನ ದಿನಗಳಲ್ಲಿ ಅವಳನ್ನು ಕೊರೆದದ್ದು ಸುಳ್ಳಿಗಿಂತ ಹೆಚ್ಚಾಗಿ ಇದು. ಆ ಸಂತೋಷದಲ್ಲಿ ಮೇಲೆ ಬಂದು, ಬಹಳ ದಿನದ ಮೇಲೆ ಹಾಡು ಗುನುಗುತ್ತ ಸಾರು ಕುದಿಸಿದ್ದಳು. ಬೆಳಗಿನ ಜಾವ ಉಪೇಂದ್ರರನ್ನು ಆಂಬುಲೆನ್ಸಿನಲ್ಲಿ ಒಯ್ದರು. ಜೀವ ಉಳಿಯಿತು. ಆದರೆ ಹೃದಯದ ಸ್ನಾಯು ಅರ್ಧ ಸತ್ತಿದೆ, ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ, ಒಬ್ಬರೇ ಸ್ನಾನಕ್ಕೆ ಹೋಗುವ ಹಾಗಿಲ್ಲ ಎಂದರು. ತಡವಾಗಿ ಬಂದಿರಿ ಎಂದೂ ಹೇಳಿದರಂತೆ. ಅದನ್ನು ಫೋನಿನಲ್ಲಿ ಹೇಳುವಾಗ ಶೋಭಾಳ ದನಿಯಲ್ಲಿ ಆಪಾದನೆಯ ಎಳೆಯೂ ಇರಲಿಲ್ಲ. ನೀನೊಬ್ಬಳು ಆ ಹೊತ್ತಲ್ಲಿ ಧೈರ್ಯ ಹೇಳದೇ ಇದ್ದಿದ್ರೆ ನಾನೇ ಎದೆಯೊಡೆದು ಹೋಗ್ತಿದ್ದೆ ಎಂದು ಅತ್ತಿದ್ದಳು.

ಬೆಲ್ ಒತ್ತುವ ಮೊದಲೇ ಶೋಭಾ ಗ್ರಿಲ್ಲು ತೆರೆದಳು.

"ಬಾ ನಳಿನಿ. ಬೆಳಗಿನಿಂದ ಕಾಯ್ತಿದಾರೆ ನೋಡು. ಸಿಸ್ಟರ್ ಬರ್ತಾರೆ ಅಂತ ಹೊಸ ಶರ್ಟ್ ಹಾಕ್ಕೊಂಡು ಕೂತಿದಾರೆ."

ರೂಮಿನೊಳಗಿಂದ ಉಪೇಂದ್ರರ ದನಿ ಬಂತು. "ಸಿಸ್ಟರ್, ಬನ್ನಿ ಬನ್ನಿ. ಹಾಸ್ಪಿಟಲ್‌ನೋರು ದಿನಾ ಮನೆಗೆ ನರ್ಸ್ ಕಳಿಸ್ತೀವಿ ಅಂದ್ರು. ನಾನೇ ಬೇಡ ಅಂದೆ. ನಮ್ಮ ಬ್ಲಾಕಲ್ಲೇ ಲಂಡನ್ ನರ್ಸ್ ಇರೋವಾಗ ನಮಗ್ಯಾಕ್ರೀ ಅಂದೆ!" ಹೇಳಿ ನಗಲು ಹೋಗಿ ದಮ್ಮು ಹಿಡಿದು ಸುಮ್ಮನಾದರು. ಅವರ ಶರ್ಟಿನ ಕಾಲರಿನೊಳಗೆ ಕುತ್ತಿಗೆ ಸಣ್ಣದಾಗಿಬಿಟ್ಟಿತ್ತು. ಮೈಸೂರಿನ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೂತು ಎದ್ದ ಮನುಷ್ಯ, ನಿನ್ನೆ ಮೊನ್ನೆಯವರೆಗೂ ಬೆಳಿಗ್ಗೆ ಪಾರ್ಕನ್ನು ನಾಲ್ಕು ಸುತ್ತು ಹಾಕಿ ಮಾರ್ಕೆಟ್ಟಿನಿಂದ ಸೊಪ್ಪು ತರುತ್ತಿದ್ದವರು. ಟೇಬಲಿನ ಮೇಲೆ ಬಿಳಿ ಟವೆಲ್ಲು ಹಾಸಿ ಶೋಭಾ ಎಲ್ಲವನ್ನೂ ಜೋಡಿಸಿಟ್ಟಿದ್ದಳು. ಔಷಧಿ ತುಂಬಿಯೇ ಬರುವ ಸಣ್ಣ ಸಿರಿಂಜು, ಹತ್ತಿ, ಸ್ಪಿರಿಟ್ಟು. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೆರಡು ಹೊತ್ತು ಹೊಟ್ಟೆಯ ಚರ್ಮಕ್ಕೆ ಕೊಡಬೇಕಾದದ್ದು. ಆರ್ಥ್ರೈಟಿಸ್ ಎಂಬ ಪದ ನಳಿನಿಯ ಬಾಯಿಯವರೆಗೂ ಬಂತು. ಎಷ್ಟು ಸುಲಭ. ಹೇಳಿದರೆ ಪಾಪ ಎನ್ನುತ್ತಾರೆ, ಕಾಫಿ ಕೊಡುತ್ತಾರೆ, ಮುಂದಿನ ಸಲ ಎದೆ ಹಿಡಿದಾಗಲೂ ಅವಳಿಗೇ ಫೋನು ಮಾಡುತ್ತಾರೆ.

"ಶೋಭಕ್ಕ, ಒಂದು ನಿಮಿಷ ಬನ್ನಿ. ಅವರಿಗೆ ಕೇಳಿಸಬಾರದು."

ಎಲ್ಲರೂ ಆಂಟಿ ಎನ್ನುವ ಊರಿನಲ್ಲಿ ನಳಿನಿಯೊಬ್ಬಳೇ ಅವಳನ್ನು ಅಕ್ಕ ಎನ್ನುತ್ತಿದ್ದಳು. ಅಪ್ಪ ಅಮ್ಮ ಮೈಸೂರು ಬಿಡುವಾಗ ಕಟ್ಟಿಕೊಂಡು ಹೋಗಿದ್ದ ಕನ್ನಡವನ್ನೇ ಅವಳು ಇನ್ನೂ ಆಡುತ್ತಿದ್ದಳು, ಶೋಭಾಳಿಗೆ ಅದೆಂದರೆ ಪ್ರಾಣ. ಅಡುಗೆಮನೆಯ ಪಕ್ಕ ಪ್ರತಿ ಮನೆಯಲ್ಲೂ ಇರುವಂತೆ ಒಂದು ಶೆಲ್ಟರ್ ಇತ್ತು, ಯುದ್ಧಗಿದ್ಧ ಬಂದರೆ ಅಡಗಿಕೊಳ್ಳಲೆಂದು ಸರ್ಕಾರವೇ ಕಟ್ಟಿಸಿದ ದಪ್ಪ ಗೋಡೆಯ ಕೋಣೆ. ಯುದ್ಧ ಬಂದಿರಲಿಲ್ಲ, ಒಳಗೆ ಅಕ್ಕಿ ಚೀಲ, ಸಾರಿನ ಪುಡಿಯ ಡಬ್ಬಗಳು, ಊರಿಂದ ತಂದ ಹುಣಸೆಹಣ್ಣು ತುಂಬಿದ್ದವು. ಶೋಭಾ ಅವಳನ್ನು ಅದರೊಳಗೆ ಕರೆದು ಉಕ್ಕಿನ ಬಾಗಿಲನ್ನು ಎಳೆದುಕೊಂಡಳು. ಇಬ್ಬರು ನಿಲ್ಲುವುದೇ ಕಷ್ಟ. ಖಾರದ ಪುಡಿಯ ಘಾಟು.

"ನಿನಗೆ ಕಳಿಸಿದ್ನಲ್ಲ, ಆ ರಿಪೋರ್ಟಲ್ಲಿ ಏನಾದ್ರೂ ಕೆಟ್ಟದಿದೆಯಾ? ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ನನ್ನ ಹತ್ರ ಮುಚ್ಚಿಡಬೇಡ."

ಈಗಲೂ ಮುಖ. ನಳಿನಿಯ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು, ಮತ್ತು ಆ ನೀರಿನ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಬೇಕೆಂದಾಗ ತರಿಸಿಕೊಳ್ಳುವುದನ್ನು ಕಲಿತವಳಿಗೆ ನಿಜವಾದ ಅಳು ಯಾವುದೆಂದು ಹೇಗೆ ತಿಳಿಯಬೇಕು? ಈ ಕಿರಿದಾದ ಜಾಗ, ಈ ಮಬ್ಬು ಬೆಳಕು, ತಗ್ಗಿದ ದನಿ, ಒಪ್ಪಿಕೊಳ್ಳುವ ಹೆಂಗಸು. ಒಳ್ಳೆಯ ದೃಶ್ಯವಾಗುತ್ತದೆ ಎಂದು ಒಳಗಿನಿಂದ ಯಾರೋ ಹೇಳಿದರು. ಆ ಯಾರೋ ಅವಳೇ. ಕಣ್ಣೀರು ಕೆಳಗೆ ಬೀಳದ ಹಾಗೆ ಹುಣಸೆಹಣ್ಣಿನ ಡಬ್ಬದ ಮುಚ್ಚಳವನ್ನೇ ನೋಡುತ್ತ, ಯಾವ ಏರಿಳಿತವೂ ಇಲ್ಲದೆ ಹೇಳಿದಳು.

"ನಾನು ನರ್ಸ್ ಅಲ್ಲ."

"ಅಂದ್ರೆ? ರಿಟೈರ್ ಆದ್ರೂ ನರ್ಸ್ ನರ್ಸೇ ಅಲ್ವಾ?"

"ಯಾವತ್ತೂ ಆಗಿರಲಿಲ್ಲ. ಟೀವಿಯಲ್ಲಿ ನರ್ಸ್ ಪಾರ್ಟು ಮಾಡ್ತಿದ್ದೆ. ನಟಿ ನಾನು. ನಮ್ಮತ್ತೆ ಹಾಗೆ ಹೇಳಿದರು, ನಾನು ಸುಮ್ಮನಿದ್ದೆ."

ಶೋಭಾ ಮೊದಲು ನಕ್ಕಳು. ಆಮೇಲೆ ಅವಳ ನಗು ಮುಖದ ಮೇಲೆ ಹಾಗೇ ಉಳಿದು, ಅದರ ಕೆಳಗಿನಿಂದ ಎಲ್ಲವೂ ಇಳಿದುಹೋಯಿತು.

"ಆವತ್ತು ಕೈ ಹಿಡ್ಕೊಂಡು ನೋಡಿದ್ಯಲ್ಲ."

"ನನಗೆ ನಾಡಿ ಸಿಗಲೇ ಇಲ್ಲ."

"ಏನೂ ಇಲ್ಲ ಅಂದೆ."

"ಅಂದೆ."

"ನನ್ನ ಕೈಲಿ ಫೋನಿತ್ತು."

"ಇತ್ತು, ಶೋಭಕ್ಕ."

ಹೊರಗೆ ರೂಮಿನಲ್ಲಿ ಉಪೇಂದ್ರ ಕೆಮ್ಮಿದರು. ಶೋಭಾ ಬಾಗಿಲಿನತ್ತ ತಿರುಗಿ, ಮತ್ತೆ ಕೆಮ್ಮು ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಮಾತಾಡಿದಳು. ಏರುದನಿಯಲ್ಲಿರಲಿಲ್ಲ. "ಡಾಕ್ಟ್ರು ನನ್ನೇ ಕೇಳಿದ್ರು, ಯಾಕೆ ರಾತ್ರಿಯೆಲ್ಲ ಮನೇಲಿ ಇಟ್ಕೊಂಡಿದ್ರಿ ಅಂತ. ಹರ್ಷನೂ ಕೇಳ್ದ, ಅವನು ಬಂದಾಗ ಇವರು ಮಲಗಿಬಿಟ್ಟಿದ್ರಲ್ಲ. ಅಮ್ಮ, ಒಂದು ಕಾಲ್ ಮಾಡೋಕೆ ಆಗಲಿಲ್ವಾ ನಿಂಗೆ ಅಂದ. ಬೈಸ್ಕೊಂಡೆ. ಗ್ಯಾಸ್ ಅಂದ್ಕೊಂಡೆ ಕಣೋ ಅಂದೆ. ಗ್ಯಾಸ್ ಅಂದಿದ್ದು ನೀನು ಅನ್ನೋ ಮಾತು ಎತ್ತಲಿಲ್ಲ. ಪಾಪ, ನರ್ಸು, ಎಲ್ಲಾದ್ರೂ ಲೈಸೆನ್ಸ್‌ಗೆ ತೊಂದ್ರೆ ಆಗತ್ತೆ ಅಂತ ಎತ್ತಲಿಲ್ಲ."

ಹೊಡೆಯಲಿ ಎಂದು ನಳಿನಿ ಕಾದಳು. ಹೊಡೆದರೆ, ಕೂಗಾಡಿದರೆ, ಹೊರಗೆ ಹೋಗು ಎಂದರೆ ಇದು ಮುಗಿಯುತ್ತದೆ. ನಾಳೆಯಿಂದ ಈ ಬ್ಲಾಕಿನಲ್ಲಿ ತಲೆಯೆತ್ತಲಾಗದು, ಪಿಆರ್ ಹೋಗಬಹುದು, ವಾಸು ಮಾತು ಬಿಡಬಹುದು, ಆದರೂ ಮುಗಿಯುತ್ತದೆ. ಮುಗಿಯಲೆಂದು ಅವಳು ಎಷ್ಟು ಆಸೆಪಟ್ಟಿದ್ದಳೆಂಬುದು ಈಗ ತಿಳಿಯಿತು. "ಹರ್ಷನಿಗೆ ನಾನೇ ಹೇಳ್ತೀನಿ. ಅವರ ಹತ್ತಿರಾನೂ ನಾನೇ ಹೋಗಿ ಹೇಳ್ತೀನಿ, ಈಗಲೇ," ಎಂದು ಬಾಗಿಲಿಗೆ ಕೈ ಹಾಕಿದಳು. ಶೋಭಾ ಆ ಕೈಯನ್ನು ಹಿಡಿದು ತೆಗೆದಳು.

"ಹೇಳಿ ನೀವು ಹಗುರ ಆಗಿ ಮೇಲೆ ಹೋಗ್ತೀರಿ. ಅವರು?" ಎಂದಳು. "ಹಾಸ್ಪಿಟಲಿಂದ ಬಂದ ಮೇಲೆ ಕತ್ತಲಾದ್ರೆ ಹೆದರ್ಕೋತಾರೆ. ನಿದ್ದೆ ಮಾಡಲ್ಲ. ಮೇಲ್ಗಡೆ ಸಿಸ್ಟರ್ ಇದಾರಲ್ವಾ ಶೋಭಾ ಅಂತಾರೆ. ಇದಾರೆ ರೀ ಅಂದ್ರೆ ಕಣ್ಣು ಮುಚ್ತಾರೆ. ಆ ಒಂದು ಮಾತಿನ ಮೇಲೇ ಅವರ ಎದೆ ಬಡೀತಿದೆ ಈಗ. ಅದನ್ನೂ ತೆಗೆದುಬಿಡ್ತೀರಾ?"

ನಳಿನಿ ಬಾಗಿಲಿನಿಂದ ಸರಿದು ಅಕ್ಕಿ ಚೀಲಕ್ಕೆ ಒರಗಿದಳು.

"ಸೂಜಿ ನಾನು ಹಾಕ್ತೀನಿ. ನನಗೆ ಬರತ್ತೆ. ಹಾಸ್ಪಿಟಲಲ್ಲಿ ಸ್ಪಂಜಿನ ಮೇಲೆ ಹಾಕಿಸಿ ಕಲಿಸಿದ್ರು. ನನ್ನ ಕೈಲಿ ಬೇಡ, ಸಿಸ್ಟರೇ ಬರ್ಲಿ ಅಂತ ಇವರು ಹಟ ಹಿಡಿದ್ರು. ಹೇಗೂ ಸೂಜಿ ಕಂಡ್ರೆ ಕಣ್ಣು ಗಟ್ಟಿಯಾಗಿ ಮುಚ್ಕೋತಾರೆ. ನೀವು ಪಕ್ಕದಲ್ಲಿ ಕೂತು ಮಾತಾಡಿ."

"ನನ್ನ ಕೈಲಿ ಆಗಲ್ಲ ಶೋಭಕ್ಕ. ದಯವಿಟ್ಟು."

"ಅದೇ ತಾನೇ ನಿಮ್ಮ ಕೆಲಸ? ಮಾಡಿ."

ಉಪೇಂದ್ರ ಶರ್ಟನ್ನು ತಾವೇ ಮೇಲೆ ಸರಿಸಿಕೊಂಡು, ಮುಖವನ್ನು ಗೋಡೆಗೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಹೊಟ್ಟೆಯ ಮೇಲೆ ಆಸ್ಪತ್ರೆಯ ಸೂಜಿಗಳ ನೀಲಿ ಕಲೆಗಳಿದ್ದವು. ನಳಿನಿ ಮಂಚದ ತುದಿಯಲ್ಲಿ ಕೂತಳು. ಅವಳ ಪಕ್ಕದಲ್ಲೇ, ಸೊಂಟಕ್ಕೆ ಸೊಂಟ ತಾಗುವಂತೆ, ಶೋಭಾ ಬಗ್ಗಿದಳು. ಧಾರಾವಾಹಿಯಲ್ಲಿ ಸೂಜಿಯನ್ನು ಹತ್ತಿರದಿಂದ ತೋರಿಸಬೇಕಾದಾಗ ಬ್ರೆಂಡಾ ಬಂದು ಹೀಗೇ ಪಕ್ಕದಲ್ಲಿ ನಿಂತು, ಇವಳ ಸಮವಸ್ತ್ರದ್ದೇ ತೋಳು ತೊಟ್ಟು, ತನ್ನ ಕೈಯನ್ನು ಮುಂದೆ ಚಾಚುತ್ತಿದ್ದಳು. ಮುಗಿದ ಮೇಲೆ ಇಬ್ಬರೂ ನಗುತ್ತಿದ್ದರು. "ಸ್ವಲ್ಪ ತಣ್ಣಗೆ ಅನಿಸತ್ತೆ, ಅಷ್ಟೇ," ಎಂದಳು ನಳಿನಿ. ದನಿ ನಡುಗಲಿಲ್ಲ. ನಡುಗಲಿ ಎಂದು ಅವಳು ಬೇಡಿಕೊಂಡಳು, ಆದರೂ ನಡುಗಲಿಲ್ಲ. ಶೋಭಾಳ ಬೆರಳುಗಳು ಸ್ಪಿರಿಟ್ ಹಚ್ಚಿ, ಒಣಗಲು ಬಿಟ್ಟು, ಚರ್ಮವನ್ನು ಚಿವುಟಿ ಹಿಡಿದವು. "ಮೈಸೂರಲ್ಲಿ ಈಗ ಮಾವಿನಹಣ್ಣು ಬಂದಿರಬೇಕು ಅಲ್ಲವಾ ಉಪೇಂದ್ರರೇ?" ಎಂದಳು ನಳಿನಿ. "ಬಂದಿರತ್ತೆ ಸಿಸ್ಟರ್, ಬಾದಾಮಿ ಬಂದಿರತ್ತೆ," ಎಂದರು ಉಪೇಂದ್ರ, ಹಲ್ಲು ಕಚ್ಚಿಕೊಂಡು. ಸೂಜಿ ಒಳಗೆ ಹೋಯಿತು. ಶೋಭಾ ನಿಧಾನಕ್ಕೆ ಔಷಧಿಯನ್ನು ಒತ್ತಿದಳು, ತೆಗೆದಳು, ಹತ್ತಿ ಇಟ್ಟಳು, ಸಿರಿಂಜನ್ನು ಸದ್ದಿಲ್ಲದೆ ನಳಿನಿಯ ಕೈಗೆ ಕೊಟ್ಟು ಹಿಂದೆ ಸರಿದು ಬಾಗಿಲ ಹತ್ತಿರ ನಿಂತಳು.

"ಆಯ್ತು," ಎಂದಳು ನಳಿನಿ.

ಉಪೇಂದ್ರ ಕಣ್ಣು ತೆರೆದರು. ಅವಳ ಕೈಯಲ್ಲಿದ್ದ ಸಿರಿಂಜನ್ನು ನೋಡಿ, ಹೊಟ್ಟೆ ಮುಟ್ಟಿಕೊಂಡು ನೋಡಿ, ಎಷ್ಟೋ ದಿನದ ಮೇಲೆ ಪೂರ್ತಿಯಾಗಿ ನಕ್ಕರು. "ಗೊತ್ತೇ ಆಗಲಿಲ್ಲವಲ್ಲ! ಅಲ್ಲಿನ ಹುಡುಗೀರು ಗೂಟ ಹೊಡೆದ ಹಾಗೆ ಹೊಡೀತಿದ್ರು. ನೋಡಿದ್ಯಾ ಶೋಭಾ, ಕೈ ಅಂದ್ರೆ ಇದು. ನೀನಾಗಿದ್ರೆ ನನ್ನ ಕಥೆ ಮುಗೀತಿತ್ತು."

"ಹೌದು ರೀ," ಎಂದಳು ಶೋಭಾ.

ನಳಿನಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಶೋಭಾ ಗ್ರಿಲ್ಲಿನ ತನಕ ಬಂದಳು. ಯಾವಾಗಲೂ ಕೈಗೆ ಏನಾದರೊಂದು ತಿಂಡಿಯ ಡಬ್ಬ ತುರುಕಿಯೇ ಕಳಿಸುತ್ತಿದ್ದವಳ ಕೈ ಇವತ್ತು ಬರಿದಾಗಿತ್ತು. ಒಳಗೆ ಉಪೇಂದ್ರ ಮಗನಿಗೆ ಫೋನು ಮಾಡಿ ದೊಡ್ಡ ದನಿಯಲ್ಲಿ ಸಿಸ್ಟರನ್ನು ಹೊಗಳುತ್ತಿದ್ದರು.

"ಸಾಯಂಕಾಲ ಏಳಕ್ಕೆ ಇನ್ನೊಂದಿದೆ," ಎಂದಳು ಶೋಭಾ.

"ಎಷ್ಟು ದಿನ, ಶೋಭಕ್ಕ?"

ಶೋಭಾ ಗ್ರಿಲ್ಲನ್ನು ಎಳೆದು ಚಿಲಕ ಹಾಕಿ, ಅದರ ಸಂದಿಯಿಂದ ಅವಳನ್ನು ನೋಡಿದಳು.

"ಅವರು ಇರೋ ತನಕ."